ಮಸೂದೆಯಿಂದ ಕಾಯ್ದೆಯವರೆಗೆ: ಆದಾಯ ತೆರಿಗೆಗೆ ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಬಜೆಟ್ ಮಂಡನೆಯಾದ ದಿನ ದೂರದರ್ಶನದ ಸ್ಟುಡಿಯೋದಲ್ಲಿ ಚರ್ಚೆ ಏರ್ಪಡಿಸಿದಾಗಲೆಲ್ಲ ವೀಕ್ಷಕರು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಆದಾಯ ತೆರಿಗೆ ಹೆಚ್ಚಾಯಿತೇ, ಕಡಿಮೆಯಾಯಿತೇ?" ಪ್ರಶ್ನೆ ಸಹಜವಾದದ್ದೇ. ತಿಂಗಳ ಸಂಬಳದಲ್ಲಿ ಸಂಸಾರ ನಡೆಸುವವರಿಗೆ ತಮ್ಮ ಕೈಗೆ ಎಷ್ಟು ಬರುತ್ತದೆ ಎಂಬುದೇ ಮುಖ್ಯ. ಆದರೆ ನಮ್ಮ ದೇಶದಲ್ಲಿ ಆದಾಯ ತೆರಿಗೆ ನಡೆದು ಬಂದ ದಾರಿಯನ್ನು ಹಿಂದಿರುಗಿ ನೋಡಿದರೆ, ತೆರಿಗೆದಾರರ ಬದುಕನ್ನು ಬದಲಿಸಿದ್ದು ದರವೊಂದೇ ಅಲ್ಲ ಎಂಬುದು ತಿಳಿಯುತ್ತದೆ. ಯಾರು ಕೊಡಬೇಕು, ಎಷ್ಟು ಕೊಡಬೇಕು, ಹೇಗೆ ಲೆಕ್ಕ ಕೊಡಬೇಕು, ಯಾವಾಗಿನಿಂದ ಕೊಡಬೇಕು ಎಂಬ ನಾಲ್ಕು ಪ್ರಶ್ನೆಗಳಿಗೂ ಪ್ರತಿಯೊಂದು ತಿದ್ದುಪಡಿ ಉತ್ತರ ಹೇಳುತ್ತದೆ. ಪತ್ರಿಕೆಗಳ ಮುಖಪುಟದಲ್ಲಿ ಕಾಣುವುದು ಎರಡನೆಯ ಪ್ರಶ್ನೆಯ ಉತ್ತರ ಮಾತ್ರ. ಉಳಿದ ಮೂರಕ್ಕೆ ಉತ್ತರ ಬೇಕಾದರೆ ಮಸೂದೆಯನ್ನೇ ಓದಬೇಕಾಗುತ್ತದೆ.

ವಿದ್ಯಾರ್ಥಿಗಳಾದ ನಿಮಗೆ ಇದು ದೊಡ್ಡವರ ವಿಷಯವೆಂದು ತೋರಬಹುದು. ಆದರೆ ಇನ್ನು ಮೂರು ನಾಲ್ಕು ವರ್ಷಗಳಲ್ಲಿ ನಿಮ್ಮಲ್ಲಿ ಹಲವರು ಮೊದಲ ಸಂಬಳವನ್ನು ಕೈಗೆತ್ತಿಕೊಳ್ಳುತ್ತೀರಿ. ಅದರಲ್ಲಿ ಒಂದು ಭಾಗ ನಿಮ್ಮ ಕೈಗೆ ಬರುವ ಮೊದಲೇ ಸರ್ಕಾರಕ್ಕೆ ಸಂದಾಯವಾಗಿರಬಹುದು. ಅದನ್ನು ಯಾವ ಕಾನೂನಿನ ಪ್ರಕಾರ ಹಿಡಿದರು, ಹೆಚ್ಚಾಗಿ ಹಿಡಿದಿದ್ದರೆ ಹಿಂದಕ್ಕೆ ಪಡೆಯುವುದು ಹೇಗೆ ಎಂಬುದನ್ನು ತಿಳಿಯುವುದು ಇತಿಹಾಸ ಪಾಠದಷ್ಟೇ ಉಪಯುಕ್ತ. ಈ ವಿಷಯದಲ್ಲಂತೂ ಎರಡೂ ಒಂದೇ ಪಾಠ.

ಯಾರು ಕೊಡಬೇಕು?

1857ರ ಬಂಡಾಯವನ್ನು ಅಡಗಿಸಲು ಬ್ರಿಟಿಷರು ಅಪಾರ ಹಣ ವೆಚ್ಚ ಮಾಡಿದ್ದರು. ಖಜಾನೆಯಲ್ಲಿ ಕೊರತೆ ಬಿದ್ದಿತ್ತು. ಅದನ್ನು ಸರಿಪಡಿಸಲು ಲಂಡನ್ನಿನಿಂದ ಜೇಮ್ಸ್ ವಿಲ್ಸನ್ ಎಂಬುವರನ್ನು ವೈಸರಾಯ್ ಮಂಡಳಿಯ ಹಣಕಾಸು ಸದಸ್ಯರನ್ನಾಗಿ ಕಳುಹಿಸಿದರು. 'ದಿ ಎಕನಾಮಿಸ್ಟ್' ಪತ್ರಿಕೆಯನ್ನು 1843ರಲ್ಲಿ ಸ್ಥಾಪಿಸಿದವರು ಇವರೇ. 1860ರಲ್ಲಿ ಅವರು ಆದಾಯ ತೆರಿಗೆಯ ಪ್ರಸ್ತಾಪವನ್ನು ಮಂಡಿಸಿದರು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ವರಮಾನವಿದ್ದವರಿಗೆ ತೆರಿಗೆಯಿಲ್ಲ; 200ರಿಂದ 500 ರೂಪಾಯಿವರೆಗೆ ಶೇಕಡ 2; ಅದಕ್ಕಿಂತ ಹೆಚ್ಚಿನ ವರಮಾನಕ್ಕೆ ಶೇಕಡ 4. ಜಮೀನಿನ ಉತ್ಪತ್ತಿಯೂ ಈ ಲೆಕ್ಕಕ್ಕೆ ಸೇರಿತ್ತು.

ಈ ಪ್ರಸ್ತಾಪಕ್ಕೆ ಬಂದ ಬಲವಾದ ವಿರೋಧ ಸರ್ಕಾರದ ಒಳಗಿನಿಂದಲೇ ಎದ್ದಿತು. ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಈ ತೆರಿಗೆ ಬೇಡವೆಂದು ವಾದಿಸಿ, ತಮ್ಮ ಭಿನ್ನಾಭಿಪ್ರಾಯವನ್ನು ಪತ್ರಿಕೆಗಳಲ್ಲಿ ಬಹಿರಂಗಪಡಿಸಿದರು. ಆಗ ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಮದರಾಸು ಪ್ರಾಂತ್ಯದಲ್ಲೇ ಇದ್ದವು. ಮೇಲಿನವರ ಧೋರಣೆಯನ್ನು ಹೀಗೆ ಬೀದಿಗೆ ತಂದದ್ದಕ್ಕಾಗಿ ಟ್ರೆವೆಲಿಯನ್ನರನ್ನು ಪದವಿಯಿಂದ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಪ್ರಸ್ತಾಪ ಉಳಿಯಿತು. 1860ರ ಜುಲೈ 24ರಂದು ಅದು ಕಾನೂನಾಯಿತು. ಇಂದಿಗೂ ಆದಾಯ ತೆರಿಗೆ ಇಲಾಖೆ ಜುಲೈ 24ನ್ನು ಆದಾಯ ತೆರಿಗೆ ದಿನವೆಂದು ಆಚರಿಸುತ್ತದೆ. ವಿಲ್ಸನ್ ಮಾತ್ರ ತಮ್ಮ ಕಾನೂನಿನ ಫಲವನ್ನು ನೋಡಲಿಲ್ಲ. ಮರುತಿಂಗಳೇ ಕಲ್ಕತ್ತೆಯಲ್ಲಿ ತೀರಿಕೊಂಡರು. ಮುಂದೆ ಅದೇ ಟ್ರೆವೆಲಿಯನ್ ಹಣಕಾಸು ಸದಸ್ಯರಾಗಿ ಕಲ್ಕತ್ತೆಗೆ ಮರಳಿದರು. ಐದು ವರ್ಷದ ಅವಧಿ ಮುಗಿದು 1865ರಲ್ಲಿ ತೆರಿಗೆ ನಿಂತುಹೋಯಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ತೆರಿಗೆ ಕೊಡಬೇಕಾದ ಜನರಿಗೆ ಈ ವಾಗ್ವಾದದಲ್ಲಿ ಸ್ಥಾನವೇ ಇರಲಿಲ್ಲ. ಇಬ್ಬರು ಆಂಗ್ಲ ಅಧಿಕಾರಿಗಳ ನಡುವೆ ಜಗಳ ನಡೆಯಿತು, ಒಬ್ಬರು ಗೆದ್ದರು. ಅವರನ್ನು ಕೇಳಬೇಕೆಂಬ ನಿಯಮವೇ ಆಗ ಇರಲಿಲ್ಲ.

ಆ ಬಳಿಕ ಎರಡು ದಶಕಗಳ ಕಾಲ ಈ ತೆರಿಗೆ ಬಂದು ಹೋಗುತ್ತಿತ್ತು. 1869ರಲ್ಲಿ ಮತ್ತೆ ಬಂದಿತು, 1873ರಲ್ಲಿ ಹೋಯಿತು. ಖಾಯಂ ಆಗಿ ನೆಲೆಯೂರಿದ್ದು 1886ರ ಕಾಯ್ದೆಯಿಂದ. ಈ ಕಾಯ್ದೆ "ಯಾರು" ಎಂಬ ಪ್ರಶ್ನೆಗೆ ನೀಡಿದ ಉತ್ತರ ಇಂದಿನವರೆಗೂ ಉಳಿದುಬಂದಿದೆ: ಕೃಷಿ ಆದಾಯಕ್ಕೆ ವಿನಾಯಿತಿ. ರೈತರು ಆಗಲೇ ಭೂಕಂದಾಯ ಕೊಡುತ್ತಿದ್ದರು. ಅದೇ ಭೂಮಿಯ ಉತ್ಪತ್ತಿಯ ಮೇಲೆ ಮತ್ತೊಂದು ತೆರಿಗೆ ಹಾಕುವುದು ನ್ಯಾಯವಲ್ಲವೆಂಬುದು ವಿನಾಯಿತಿಗೆ ಆಧಾರವಾಗಿದ್ದ ಮುಖ್ಯ ವಾದ. ನಂತರ ಬಂದ ನಮ್ಮ ಸಂವಿಧಾನ ಕೃಷಿ ಆದಾಯದ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ನಮ್ಮಲ್ಲಿ 1957ರಲ್ಲಿ ಮೈಸೂರು ಕೃಷಿ ಆದಾಯ ತೆರಿಗೆ ಕಾಯ್ದೆ ಬಂದದ್ದು ಇದೇ ಅಧಿಕಾರದಿಂದ.

ಆದರೆ ಕೃಷಿ ಎಲ್ಲಿ ಮುಗಿಯುತ್ತದೆ, ವ್ಯಾಪಾರ ಎಲ್ಲಿ ಆರಂಭವಾಗುತ್ತದೆ? ಕೊಡಗು, ಚಿಕ್ಕಮಗಳೂರಿನ ಕಾಫಿ ಇದಕ್ಕೆ ಒಳ್ಳೆಯ ಉದಾಹರಣೆ. ಗಿಡದಿಂದ ಹಣ್ಣು ಬಿಡಿಸುವುದು ಕೃಷಿ ಎಂಬುದರಲ್ಲಿ ಅನುಮಾನವಿಲ್ಲ. ಅದನ್ನು ಸಂಸ್ಕರಿಸಿ ಮಾರಿದರೆ? ಹುರಿದು ಪುಡಿಮಾಡಿ ಮಾರಿದರೆ? 1962ರ ಆದಾಯ ತೆರಿಗೆ ನಿಯಮಗಳಿಗೆ ಕಾಫಿಗಾಗಿಯೇ ಸೇರಿಸಿದ 7ಬಿ ನಿಯಮ ಇದಕ್ಕೊಂದು ಲೆಕ್ಕ ಹೇಳಿತು. ಬೆಳೆಗಾರರು ಸಂಸ್ಕರಿಸಿ ಮಾರಿದರೆ ಆದಾಯದ ಶೇಕಡ 25ನ್ನು, ಹುರಿದು ಪುಡಿಮಾಡಿ ಮಾರಿದರೆ ಶೇಕಡ 40ನ್ನು ವ್ಯಾಪಾರದ ಆದಾಯವೆಂದು ಎಣಿಸಬೇಕು, ಉಳಿದದ್ದು ಕೃಷಿಯದು. ತೆರಿಗೆಯ ದರವನ್ನು ಒಂದು ಪೈಸೆಯೂ ಮುಟ್ಟದೆ, ಇಂತಹ ಗೆರೆಯೊಂದನ್ನು ಎಳೆಯುವುದರಿಂದಲೇ ತೆರಿಗೆ ಕೊಡುವವರು ಯಾರೆಂಬುದು ತೀರ್ಮಾನವಾಗುತ್ತದೆ.

ಎಲ್ಲಿ ವಾಸವಾಗಿದ್ದೀರಿ ಎಂಬುದೂ ಒಂದು ಕಾಲದಲ್ಲಿ ಇಂತಹದೇ ಗೆರೆಯಾಗಿತ್ತು. ಮೈಸೂರು ಸಂಸ್ಥಾನಕ್ಕೆ 1923ರ ತನ್ನದೇ ಆದಾಯ ತೆರಿಗೆ ಕಾಯ್ದೆಯಿತ್ತು. ಹೈದರಾಬಾದ್ ಸಂಸ್ಥಾನಕ್ಕೆ ಬೇರೆ ಕಾನೂನು. ಮುಂಬಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿಯ ವರ್ತಕರಿಗೆ 1922ರ ಭಾರತೀಯ ಕಾಯ್ದೆ. ಒಂದೇ ಭಾಷೆಯಾಡುವ ಜನ, ಮೂರು ಬಗೆಯ ತೆರಿಗೆ. 1950ರ ಏಪ್ರಿಲ್ 1ರಂದು ಸಂಸ್ಥಾನಗಳ ಹಣಕಾಸು ವ್ಯವಸ್ಥೆ ಕೇಂದ್ರದೊಡನೆ ವಿಲೀನಗೊಂಡಾಗ ಮೈಸೂರಿಗೂ ಹೈದರಾಬಾದಿಗೂ ಭಾರತೀಯ ಕಾಯ್ದೆ ಅನ್ವಯವಾಯಿತು.

ಎಷ್ಟು ಕೊಡಬೇಕು?

ಈಗ ಎಲ್ಲರಿಗೂ ಪ್ರಿಯವಾದ ಪ್ರಶ್ನೆಗೆ ಬರೋಣ. 1922ರ ಕಾಯ್ದೆ ಒಂದು ಜಾಣತನದ ಏರ್ಪಾಡು ಮಾಡಿತು. ತೆರಿಗೆ ಹಾಕುವ ವಿಧಾನವನ್ನು ಕಾಯ್ದೆಯಲ್ಲಿ ಬರೆದು, ದರವನ್ನು ಮಾತ್ರ ವರ್ಷ ವರ್ಷವೂ ಹಣಕಾಸು ಕಾಯ್ದೆಯಲ್ಲಿ ನಿಗದಿಪಡಿಸುವ ಪದ್ಧತಿ ತಂದಿತು. 1961ರ ಕಾಯ್ದೆಯೂ ಇದನ್ನೇ ಅನುಸರಿಸಿತು. ಪ್ರತಿ ಬಜೆಟ್ಟಿನಲ್ಲೂ ನಾವು ದರಕ್ಕಾಗಿ ಕಾದು ಕೂರುವುದಕ್ಕೆ ಕಾರಣ ಇದು.

ಸ್ವತಂತ್ರ ಭಾರತದಲ್ಲಿ ದರ ಏರುತ್ತಲೇ ಹೋಗಿ 1971ರ ಹೊತ್ತಿಗೆ ತುತ್ತತುದಿ ಮುಟ್ಟಿತು. 2 ಲಕ್ಷ ರೂಪಾಯಿಗೆ ಮೇಲ್ಪಟ್ಟ ಆದಾಯಕ್ಕೆ ಶೇಕಡ 85 ತೆರಿಗೆ. ಆ ತೆರಿಗೆಯ ಮೇಲೆ ಶೇಕಡ 15 ಸರ್ಚಾರ್ಜ್. ಎರಡೂ ಕೂಡಿದರೆ ಶೇಕಡ 97.75. ಆ ಹಂತದಲ್ಲಿ ಹೆಚ್ಚಿಗೆ 100 ರೂಪಾಯಿ ದುಡಿದರೆ ಕೈಯಲ್ಲಿ ಉಳಿಯುತ್ತಿದ್ದುದು 2 ರೂಪಾಯಿ 25 ಪೈಸೆ. ಸಮಾಜದಲ್ಲಿ ಆರ್ಥಿಕ ಅಸಮಾನತೆ ತಗ್ಗಬೇಕೆಂಬುದು ಉದ್ದೇಶವಾಗಿತ್ತು, ಉದ್ದೇಶ ಒಳ್ಳೆಯದೇ. ಆದರೆ ಪರಿಣಾಮ? ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಎನ್. ವಾಂಛೂ ಅವರ ನೇತೃತ್ವದ ಸಮಿತಿ 1971ರಲ್ಲಿ ಸಲ್ಲಿಸಿದ ವರದಿಯಲ್ಲಿ, ತೆರಿಗೆ ವಂಚನೆಗೆ ಇಂತಹ ಅತಿ ದರವೇ ಪ್ರಮುಖ ಕಾರಣವೆಂದು ಹೇಳಿ, ಇಳಿಸಲು ಸಲಹೆ ಮಾಡಿತು. 1974ರಲ್ಲಿ ಗರಿಷ್ಠ ದರ ಶೇಕಡ 77ಕ್ಕೆ, 1976ರಲ್ಲಿ ಶೇಕಡ 66ಕ್ಕೆ ಇಳಿಯಿತು. 1985ರಲ್ಲಿ ವಿ.ಪಿ. ಸಿಂಗ್ ಅವರು ಎಂಟಿದ್ದ ಹಂತಗಳನ್ನು ನಾಲ್ಕು ಮಾಡಿ ಗರಿಷ್ಠ ದರವನ್ನು ಶೇಕಡ 50ಕ್ಕೆ ತಂದರು. ರಾಜಾ ಚೆಲ್ಲಯ್ಯ ಸಮಿತಿಯ ಸಲಹೆಯ ಹಿನ್ನೆಲೆಯಲ್ಲಿ 1992ರಲ್ಲಿ ಮನಮೋಹನ್ ಸಿಂಗ್ ಅವರು 20, 30, 40 ಎಂಬ ಮೂರು ಹಂತಗಳನ್ನೂ, 1997ರಲ್ಲಿ ಪಿ. ಚಿದಂಬರಂ ಅವರು 10, 20, 30 ಎಂಬ ಹಂತಗಳನ್ನೂ ತಂದರು.

ದರದ ವಿಷಯದಲ್ಲಿ ನಮ್ಮ ಜನರಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ನಿವಾರಿಸುವುದು ಒಳ್ಳೆಯದು. "ಸಂಬಳ ಹೆಚ್ಚಾಗಿ ಮೇಲಿನ ಹಂತಕ್ಕೆ ಹೋದೆ, ಇನ್ನು ಪೂರ್ತಿ ಸಂಬಳಕ್ಕೂ ಮೇಲಿನ ದರ ಬೀಳುತ್ತದೆ" ಎಂದು ಎಷ್ಟೋ ಮಂದಿ ಹೆದರುತ್ತಾರೆ. ಹಾಗಲ್ಲ. ಭೌತವಿಜ್ಞಾನದಲ್ಲಿ ನೀವು ಸರಾಸರಿ ವೇಗ ಬೇರೆ, ಒಂದು ಕ್ಷಣದ ವೇಗ ಬೇರೆ ಎಂದು ಓದಿದ್ದೀರಿ. ಇದೂ ಅಂತಹದೇ. 2025ರ ಬಜೆಟ್ಟಿನಲ್ಲಿ ಹೊಸ ಪದ್ಧತಿಗೆ ಗೊತ್ತುಪಡಿಸಿದ ದರವನ್ನೇ ತೆಗೆದುಕೊಳ್ಳಿ. ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ನಾಲ್ಕರಿಂದ ಎಂಟು ಲಕ್ಷದವರೆಗಿನ ಭಾಗಕ್ಕೆ ಶೇಕಡ 5, ಎಂಟರಿಂದ ಹನ್ನೆರಡರವರೆಗೆ ಶೇಕಡ 10, ಹನ್ನೆರಡರಿಂದ ಹದಿನಾರರವರೆಗೆ ಶೇಕಡ 15. ಒಬ್ಬರ ತೆರಿಗೆಗೆ ಒಳಪಡುವ ಆದಾಯ 16 ಲಕ್ಷವೆಂದುಕೊಂಡರೆ, ತೆರಿಗೆ 20,000 ಮತ್ತು 40,000 ಮತ್ತು 60,000. ಒಟ್ಟು 1,20,000 ರೂಪಾಯಿ. ಅವರು ತಲುಪಿರುವ ಹಂತದ ದರ ಶೇಕಡ 15. ಆದರೆ ಇಡೀ ಆದಾಯದ ಮೇಲೆ ಬಿದ್ದದ್ದು ಶೇಕಡ 7.5 ಮಾತ್ರ. ಸೆಸ್ ಇದರ ಮೇಲೆ ಪ್ರತ್ಯೇಕ.

ಅದೇ ಬಜೆಟ್ಟಿನ "12 ಲಕ್ಷದವರೆಗೆ ತೆರಿಗೆಯಿಲ್ಲ" ಎಂಬ ಘೋಷಣೆಯನ್ನೂ ಎಚ್ಚರಿಕೆಯಿಂದ ಓದಬೇಕು. ತೆರಿಗೆಯಿಲ್ಲದ ಹಂತ 4 ಲಕ್ಷವೇ. 12 ಲಕ್ಷದವರೆಗೆ ಆದಾಯವಿದ್ದವರಿಗೆ ಬರುವ 60,000 ರೂಪಾಯಿವರೆಗಿನ ತೆರಿಗೆಯನ್ನು ರಿಯಾಯಿತಿಯಾಗಿ ಮನ್ನಾ ಮಾಡಲಾಯಿತು. ಹಾಗಾದರೆ 12 ಲಕ್ಷದ 10 ಸಾವಿರ ಆದಾಯವಿದ್ದವರು ಒಮ್ಮೆಲೇ 61,500 ರೂಪಾಯಿ ಕೊಡಬೇಕೇ? ಇಲ್ಲ, ಅಂಚಿನಲ್ಲಿರುವವರಿಗೆ ಪರಿಹಾರವಿದೆ. ಹೆಚ್ಚಿಗೆ ಬಂದ 10,000 ರೂಪಾಯಿಗಿಂತ ತೆರಿಗೆ ಹೆಚ್ಚಾಗದಂತೆ ತಡೆ ಹಾಕಲಾಗಿದೆ. ಷೇರು ಮಾರಾಟದ ಲಾಭದಂತಹ, ವಿಶೇಷ ದರ ಇರುವ ಆದಾಯಕ್ಕೆ ಮಾತ್ರ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಶೀರ್ಷಿಕೆಯಲ್ಲಿ ಒಂದು ಸಾಲು. ಕಾನೂನಿನಲ್ಲಿ ಮೂರು ಷರತ್ತು. ತೆರಿಗೆದಾರರು ಲೆಕ್ಕ ಹಾಕಬೇಕಾದದ್ದು ಷರತ್ತುಗಳ ಪ್ರಕಾರ.

ಹೇಗೆ ಲೆಕ್ಕ ಕೊಡಬೇಕು?

ಯಾರು, ಎಷ್ಟು ಎಂಬುದು ನಿಶ್ಚಯವಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಒಬ್ಬರ ಆದಾಯ ಎಷ್ಟೆಂದು ಸರ್ಕಾರಕ್ಕೆ ತಿಳಿಯುವುದು ಹೇಗೆ? ಸಂಬಳದವರ ಲೆಕ್ಕ ಸಲೀಸು. ಕೊಡುವವರೇ ಮೊದಲು ಹಿಡಿದುಕೊಂಡು ಕಟ್ಟುತ್ತಾರೆ. ಇದನ್ನೇ ಮೂಲದಲ್ಲಿ ತೆರಿಗೆ ಕಡಿತ ಅಥವಾ ಟಿಡಿಎಸ್ ಎನ್ನುವುದು. ಇತರರ ಆದಾಯ ಹಾಗೆ ಕಣ್ಣಿಗೆ ಬೀಳುವುದಿಲ್ಲ.

1997ರಲ್ಲಿ ಸರ್ಕಾರ ಒಂದು ಕುತೂಹಲದ ಉಪಾಯ ಹೂಡಿತು. ಆಯ್ದ ನಗರಗಳಲ್ಲಿ ಕಾರು, ಟೆಲಿಫೋನು, ಗೊತ್ತಾದ ವಿಸ್ತೀರ್ಣದ ಮನೆ, ವಿದೇಶ ಪ್ರವಾಸ ಮುಂತಾದ ಗುರುತುಗಳಿದ್ದವರು ಆದಾಯ ಕಡಿಮೆಯಿದ್ದರೂ ರಿಟರ್ನ್ ಸಲ್ಲಿಸಬೇಕು ಎಂದಿತು. ಮರುವರ್ಷ ಕ್ರೆಡಿಟ್ ಕಾರ್ಡು ಮತ್ತು ಕ್ಲಬ್ ಸದಸ್ಯತ್ವ ಸೇರಿ ಆರು ಗುರುತುಗಳಾದವು. ಆರರಲ್ಲಿ ಒಂದಿದ್ದರೂ ಸಾಕಾಗಿತ್ತು. ಟೆಲಿಫೋನು ಸಿರಿವಂತಿಕೆಯ ಲಕ್ಷಣವಾಗಿದ್ದ ಕಾಲವದು. ಕೆಲವೇ ವರ್ಷಗಳಲ್ಲಿ ಫೋನು ಮನೆಮನೆಗೂ ಬಂದು ಆ ಗುರುತು ಅರ್ಥ ಕಳೆದುಕೊಂಡಿತು. 2006ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ವಿಜ್ಞಾನದ ವಿದ್ಯಾರ್ಥಿಗಳು ಇದರಿಂದ ಕಲಿಯುವುದೊಂದಿದೆ: ನೇರವಾಗಿ ಅಳೆಯಲಾಗದ್ದನ್ನು ಮತ್ತೊಂದರಿಂದ ಅಳೆಯಹೊರಟಾಗ, ಆ ಮತ್ತೊಂದು ಬದಲಾಗದೆ ಇರುತ್ತದೆಯೇ ಎಂದು ನೋಡಿಕೊಳ್ಳಬೇಕು.

ಹೆಚ್ಚು ಬಾಳಿಕೆ ಬಂದದ್ದು ಪ್ಯಾನ್ ಸಂಖ್ಯೆ. 1970ರ ದಶಕದಲ್ಲಿ ಆರಂಭವಾದ ಈ ಏರ್ಪಾಡು 1995ರಿಂದ ಹತ್ತು ಅಕ್ಷರ ಮತ್ತು ಅಂಕಿಗಳ ಹೊಸ ರೂಪ ಪಡೆಯಿತು. ಅದರ ನಾಲ್ಕನೆಯ ಅಕ್ಷರ ತೆರಿಗೆದಾರರು ಯಾವ ಬಗೆಯವರು ಎಂಬುದನ್ನು ತಿಳಿಸುತ್ತದೆ. ವ್ಯಕ್ತಿಯಾದರೆ 'ಪಿ', ಕಂಪನಿಯಾದರೆ 'ಸಿ'. ಬ್ಯಾಂಕಿನ ಬಡ್ಡಿ, ಆಸ್ತಿಯ ನೋಂದಣಿ, ಟಿಡಿಎಸ್ ಎಲ್ಲವೂ ಒಂದೇ ಸಂಖ್ಯೆಗೆ ಬಂದು ಸೇರಿದಾಗ ಲೆಕ್ಕ ತಾನಾಗಿಯೇ ಕೂಡಿಕೊಳ್ಳತೊಡಗಿತು. ಈ ಬದಲಾವಣೆಯಲ್ಲಿ ನಮ್ಮ ರಾಜ್ಯಕ್ಕೂ ಪಾಲಿದೆ. 2009ರಲ್ಲಿ ಬೆಂಗಳೂರಿನಲ್ಲಿ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಆರಂಭವಾಯಿತು. ದೇಶದ ಯಾವ ಮೂಲೆಯಿಂದ ವಿದ್ಯುನ್ಮಾನದಲ್ಲಿ ರಿಟರ್ನ್ ಸಲ್ಲಿಸಿದರೂ ಅದನ್ನು ಪರಿಶೀಲಿಸಿ ಮರುಪಾವತಿಗೆ ಅಣಿಗೊಳಿಸುವ ಕೆಲಸ ಇಲ್ಲಿಂದ ನಡೆಯತೊಡಗಿತು. ಮರುಪಾವತಿಗಾಗಿ ಕಚೇರಿಯ ಮೆಟ್ಟಿಲು ಹತ್ತಿಳಿದ ಹಿರಿಯರನ್ನು ಕೇಳಿನೋಡಿ. ದರ ಒಂದೆರಡು ಶೇಕಡ ಇಳಿದುದಕ್ಕಿಂತ ಈ ಬದಲಾವಣೆ ದೊಡ್ಡದೆಂದು ಹೇಳುವವರು ಅವರಲ್ಲಿ ಸಿಗುತ್ತಾರೆ.

ಯಾವಾಗಿನಿಂದ?

ನಾಲ್ಕನೆಯ ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಬಹಳ ನೋವು ತಂದಿರುವುದು ಇದೇ. ಮೊದಲಿಗೆ "ವರ್ಷ" ಎಂದರೇನೆಂದೇ ಗೊಂದಲವಿತ್ತು. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ಪೂಜಿಸುವ ವರ್ತಕರು ಆ ವರ್ಷವನ್ನೇ ತೆರಿಗೆಗೂ ಲೆಕ್ಕ ಹಿಡಿಯಬಹುದಾಗಿತ್ತು. 1989-90ರ ತೆರಿಗೆ ನಿರ್ಧಾರ ವರ್ಷದಿಂದ ಎಲ್ಲರಿಗೂ ಮಾರ್ಚ್ 31ಕ್ಕೆ ಮುಗಿಯುವ ಒಂದೇ ವರ್ಷವಾಯಿತು. ಆದರೂ ದುಡಿದ ವರ್ಷಕ್ಕೆ "ಹಿಂದಿನ ವರ್ಷ" ಎಂದೂ ಅದರ ಮರುವರ್ಷಕ್ಕೆ "ತೆರಿಗೆ ನಿರ್ಧಾರ ವರ್ಷ" ಎಂದೂ ಎರಡು ಹೆಸರು ಉಳಿದು ಜನರನ್ನು ತಬ್ಬಿಬ್ಬುಗೊಳಿಸುತ್ತಿದ್ದವು.

ಅದಕ್ಕಿಂತ ಗಂಭೀರವಾದದ್ದು ಪೂರ್ವಾನ್ವಯದ ಪ್ರಶ್ನೆ. ಅಂದರೆ ಇಂದು ಮಾಡಿದ ಕಾನೂನನ್ನು ನಿನ್ನೆಗೆ ಅನ್ವಯಿಸುವುದು. ಪರೀಕ್ಷೆ ಬರೆದು ಬಂದ ಮೇಲೆ ಪಠ್ಯಕ್ರಮ ಬದಲಿಸಿ, ಅದರ ಪ್ರಕಾರ ಅಂಕ ಕೊಟ್ಟರೆ ನಿಮಗೆ ಹೇಗಾದೀತು? 2007ರಲ್ಲಿ ವೊಡಾಫೋನ್ ಕಂಪನಿ ಹಚಿಸನ್ ಎಸ್ಸಾರ್ ಎಂಬ ಮೊಬೈಲ್ ಕಂಪನಿಯ ಒಡೆತನವನ್ನು ಹೊರದೇಶದಲ್ಲಿ ನಡೆದ ವ್ಯವಹಾರದ ಮೂಲಕ ಕೊಂಡುಕೊಂಡಿತು. ಆಸ್ತಿ ಭಾರತದಲ್ಲಿದೆ, ಆದ್ದರಿಂದ ತೆರಿಗೆ ಕೊಡಬೇಕೆಂದು ಇಲಾಖೆ ಹೇಳಿತು. 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಆಗಿದ್ದ ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ಕಂಪನಿಯ ಪರವಾಗಿ ತೀರ್ಪಿತ್ತಿತು. ಅದೇ ವರ್ಷದ ಹಣಕಾಸು ಕಾಯ್ದೆಯಲ್ಲಿ, ಕಾನೂನಿನ ಅರ್ಥ 1962ರಿಂದಲೇ ಬೇರೆಯಾಗಿತ್ತೆಂದು ತಿದ್ದುಪಡಿ ತರಲಾಯಿತು. ದೇಶದ ಒಳಗೂ ಹೊರಗೂ ಇದು ದೊಡ್ಡ ವಿವಾದಕ್ಕೆ ಕಾರಣವಾಯಿತು. 2020ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿಯ ತೀರ್ಪು ಭಾರತಕ್ಕೆ ವಿರುದ್ಧವಾಗಿ ಬಂದಿತು. 2021ರಲ್ಲಿ ಸಂಸತ್ತು ಮತ್ತೊಂದು ತಿದ್ದುಪಡಿಯಿಂದ ಅಂತಹ ಹಳೆಯ ಬೇಡಿಕೆಗಳನ್ನು ಕೈಬಿಟ್ಟು, ವಸೂಲು ಮಾಡಿದ್ದನ್ನು ಬಡ್ಡಿಯಿಲ್ಲದೆ ಹಿಂದಿರುಗಿಸಲು ಒಪ್ಪಿತು.

ಆಸ್ತಿ ಎಲ್ಲಿದೆಯೋ ಅಲ್ಲಿ ತೆರಿಗೆ ಬೀಳಬೇಕೆಂಬ ವಾದದಲ್ಲಿ ತಿರುಳಿಲ್ಲವೆಂದು ಹೇಳಲಾಗದು. ಆಕ್ಷೇಪ ಇದ್ದದ್ದು "ಯಾವಾಗಿನಿಂದ" ಎಂಬುದಕ್ಕೆ. ಅಪರಾಧದ ವಿಷಯದಲ್ಲಿ, ಕೃತ್ಯ ನಡೆದಾಗ ಇಲ್ಲದಿದ್ದ ಕಾನೂನಿನಿಂದ ಶಿಕ್ಷಿಸಬಾರದೆಂದು ನಮ್ಮ ಸಂವಿಧಾನದ 20ನೆಯ ಅನುಚ್ಛೇದ ಸ್ಪಷ್ಟವಾಗಿ ಹೇಳುತ್ತದೆ. ತೆರಿಗೆಯ ವಿಷಯದಲ್ಲಿ ಅಂತಹ ನೇರ ತಡೆಯಿಲ್ಲ. ಆದ್ದರಿಂದಲೇ ತೆರಿಗೆ ಮಸೂದೆಯ ಪ್ರತಿಯೊಂದು ಖಂಡದ ಕೊನೆಯಲ್ಲಿ ಬರುವ ದಿನಾಂಕವನ್ನು ಓದದೆ ಮುಂದೆ ಹೋಗಬಾರದು.

ಪ್ರಸ್ತಾಪಕ್ಕೂ ಕಾಯ್ದೆಗೂ ನಡುವೆ

ಇನ್ನು ಮಸೂದೆ ಕಾಯ್ದೆಯಾಗುವ ಬಗೆ. ಸಂವಿಧಾನದ 265ನೆಯ ಅನುಚ್ಛೇದದ ಪ್ರಕಾರ ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ. 1860ಕ್ಕೂ ಇಂದಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ. ಹಣಕಾಸು ಮಂತ್ರಿಗಳು ಓದುವ ಭಾಷಣ ಒಂದು ಪ್ರಸ್ತಾಪ. ಅದರ ಜೊತೆಗೆ ಮಂಡನೆಯಾಗುವ ಹಣಕಾಸು ಮಸೂದೆ ಲೋಕಸಭೆಯ ಅಂಗೀಕಾರ ಪಡೆಯಬೇಕು. ರಾಜ್ಯಸಭೆ 14 ದಿನಗಳೊಳಗೆ ಸಲಹೆ ಕೊಡಬಹುದು. ಅದನ್ನು ಒಪ್ಪುವುದೂ ಬಿಡುವುದೂ ಲೋಕಸಭೆಗೆ ಸೇರಿದ್ದು. ಕೊನೆಗೆ ರಾಷ್ಟ್ರಪತಿಗಳ ಅಂಕಿತ. ಈ ನಡುವಿನ ವಾರಗಳು ಬರಿಯ ಔಪಚಾರಿಕತೆಯಲ್ಲವೆಂಬುದಕ್ಕೆ ಇತಿಹಾಸದಲ್ಲಿ ನಿದರ್ಶನಗಳಿವೆ.

2016ರ ಫೆಬ್ರವರಿ 29ರ ಬಜೆಟ್ಟಿನಲ್ಲಿ, ನೌಕರರ ಭವಿಷ್ಯ ನಿಧಿಯಿಂದ ಹಣ ತೆಗೆಯುವಾಗ ಅದರ ಒಂದು ಭಾಗಕ್ಕೆ ತೆರಿಗೆ ವಿಧಿಸುವ ಪ್ರಸ್ತಾಪವಿತ್ತು. ದುಡಿಮೆಯ ಕಾಲವೆಲ್ಲ ಕೂಡಿಟ್ಟದ್ದು ಕೈಗೆ ಬರುವ ಹೊತ್ತಿಗೆ ತೆರಿಗೆಯೇ ಎಂದು ನೌಕರ ವರ್ಗ ದೇಶದಾದ್ಯಂತ ದನಿಯೆತ್ತಿತು. ಮಾರ್ಚ್ 8ರಂದು ಹಣಕಾಸು ಮಂತ್ರಿ ಅರುಣ್ ಜೇಟ್ಲಿ ಅವರು ಲೋಕಸಭೆಯಲ್ಲಿ ಪ್ರಸ್ತಾಪವನ್ನು ಹಿಂತೆಗೆದುಕೊಂಡರು. ಅದಕ್ಕೂ ಹಿಂದೆ 2009ರಲ್ಲಿ ಪ್ರಕಟವಾದ ನೇರ ತೆರಿಗೆ ಸಂಹಿತೆಯ ಕರಡಿನಲ್ಲಿಯೂ ಇಂತಹ ಅಂಶವಿತ್ತು. ಸಾರ್ವಜನಿಕರ ಅಭಿಪ್ರಾಯ ಬಂದ ಮೇಲೆ 2010ರಲ್ಲಿ ಅದನ್ನು ಬದಲಿಸಲಾಯಿತು. ಆ ಸಂಹಿತೆಯ ಮಸೂದೆ ಮಾತ್ರ ಕಾಯ್ದೆಯಾಗಲೇ ಇಲ್ಲ. 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು.

ತೀರ ಈಚಿನ ನಿದರ್ಶನ ನಿಮ್ಮಂತಹ ಯುವಕ ಯುವತಿಯರಿಗೆ ಹೆಚ್ಚು ಹತ್ತಿರವಾದದ್ದು. 1961ರ ಕಾಯ್ದೆ ಅರವತ್ತಕ್ಕೂ ಹೆಚ್ಚು ವರ್ಷಗಳ ತಿದ್ದುಪಡಿಗಳಿಂದ ಹಳೆಯ ಮನೆಗೆ ಕೋಣೆ ಸೇರಿಸುತ್ತ ಹೋದಂತಾಗಿತ್ತು. ಒಂದು ಕಲಮಿಗೆ ಪರಂತುಕ, ಪರಂತುಕಕ್ಕೆ ವಿವರಣೆ, ವಿವರಣೆಗೆ ಮತ್ತೊಂದು ಅಪವಾದ. ಅದನ್ನು ಸರಳ ಭಾಷೆಯಲ್ಲಿ ಹೊಸದಾಗಿ ಬರೆಯಲು 2025ರ ಫೆಬ್ರವರಿ 13ರಂದು ಆದಾಯ ತೆರಿಗೆ ಮಸೂದೆ ಮಂಡನೆಯಾಯಿತು. 536 ಕಲಮುಗಳು, 23 ಅಧ್ಯಾಯಗಳು. ಪದಗಳ ಸಂಖ್ಯೆ ಹಳೆಯದರ ಸುಮಾರು ಅರ್ಧ. ಎರಡು ಹೆಸರಿನ ವರ್ಷಗಳ ಬದಲಿಗೆ "ತೆರಿಗೆ ವರ್ಷ" ಎಂಬ ಒಂದೇ ಹೆಸರು.

ಆದರೆ ಆ ಮೊದಲ ಮಸೂದೆಯಲ್ಲಿ ಒಂದು ಷರತ್ತು ಅಡಗಿತ್ತು. ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿದರೆ ಮಾತ್ರ ಮರುಪಾವತಿ ಕೇಳಬಹುದು ಎಂಬುದು ಅದರ ಅರ್ಥ. ಇದರಿಂದ ಯಾರಿಗೆ ನಷ್ಟವೆಂದು ಯೋಚಿಸಿ. ಈಗಷ್ಟೇ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿಗೆ ಬರುವ ಹಣದಲ್ಲಿ ಟಿಡಿಎಸ್ ಹಿಡಿದಿದ್ದಾರೆ. ಅವಳ ವರ್ಷದ ಆದಾಯ ತೆರಿಗೆಯ ಮಿತಿಯನ್ನೇ ಮುಟ್ಟಿಲ್ಲ; ಆದ್ದರಿಂದ ರಿಟರ್ನ್ ಸಲ್ಲಿಸಲೇಬೇಕೆಂಬ ಕಡ್ಡಾಯವೂ ಅವಳಿಗಿಲ್ಲ. ಹಿಡಿದ ಹಣ ಹಿಂದಕ್ಕೆ ಬರಲೆಂದೇ ಅವಳು ರಿಟರ್ನ್ ಸಲ್ಲಿಸಬೇಕು. ಗೊತ್ತಿಲ್ಲದೆಯೋ ಅನಾರೋಗ್ಯದಿಂದಲೋ ಗಡುವು ತಪ್ಪಿದರೆ, ಕೊಡಬೇಕಾಗಿಯೇ ಇರದಿದ್ದ ತೆರಿಗೆ ಶಾಶ್ವತವಾಗಿ ಹೋಯಿತು. ದರದ ಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಇದು "ಹೇಗೆ" ಎಂಬ ಪ್ರಶ್ನೆಯ ಒಳಗೆ ಕೂತಿದ್ದ ಅಪಾಯ.

ಮಸೂದೆಯನ್ನು ಲೋಕಸಭೆಯ ಆಯ್ಕೆ ಸಮಿತಿಗೆ ಒಪ್ಪಿಸಲಾಯಿತು. ಬೈಜಯಂತ್ ಪಾಂಡಾ ಅವರ ಅಧ್ಯಕ್ಷತೆಯ ಆ ಸಮಿತಿ ವೃತ್ತಿಪರರು ಮತ್ತು ಸಂಘಸಂಸ್ಥೆಗಳ ಅಹವಾಲು ಕೇಳಿ, ಈ ಷರತ್ತನ್ನು ತೆಗೆಯುವುದೂ ಸೇರಿದಂತೆ 285 ಸಲಹೆಗಳನ್ನು ಮಾಡಿತು. ಆಗಸ್ಟ್ 8ರಂದು ಸರ್ಕಾರ ಹಳೆಯ ಮಸೂದೆಯನ್ನು ಹಿಂದಕ್ಕೆ ಪಡೆದು, ಆಗಸ್ಟ್ 11ರಂದು ತಿದ್ದಿದ ಮಸೂದೆಯನ್ನು ತಂದಿತು. ಅದರಲ್ಲಿ ಆ ಷರತ್ತು ಇರಲಿಲ್ಲ. ಲೋಕಸಭೆ ಅದೇ ದಿನ, ರಾಜ್ಯಸಭೆ ಮರುದಿನ ಅದಕ್ಕೆ ಒಪ್ಪಿಗೆ ಕೊಟ್ಟವು. ಆಗಸ್ಟ್ 21ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದು, 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಅದು 2025ರ ಆದಾಯ ತೆರಿಗೆ ಕಾಯ್ದೆಯಾಯಿತು. ಸಮಿತಿಯ ಮುಂದೆ ತಿಂಗಳುಗಟ್ಟಲೆ ಪರಿಶೀಲನೆ ನಡೆದರೂ, ಕೊನೆಯ ರೂಪದ ಮೇಲೆ ಸದನದಲ್ಲಿ ಚರ್ಚೆಗೆ ಹೆಚ್ಚು ಹೊತ್ತು ಸಿಗಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ಆ ಒಂದು ಷರತ್ತು ಹೋದದ್ದು ಹೇಗೆ? ಯಾರೋ ಕುಳಿತು ನೂರಾರು ಪುಟಗಳನ್ನು ಓದಿದರು. ಇದು ಸಣ್ಣ ಆದಾಯದವರಿಗೆ ಅನ್ಯಾಯವೆಂದು ಬರೆದು ತಿಳಿಸಿದರು. ಬರೆದುದನ್ನು ಕೇಳಬೇಕಾದ ಒಂದು ಸಮಿತಿ ಇತ್ತು. 1860ರಲ್ಲಿ ಗವರ್ನರರೊಬ್ಬರು ತಮ್ಮ ಆಕ್ಷೇಪವನ್ನು ಪ್ರಕಟಿಸಿ ಪದವಿ ಕಳೆದುಕೊಂಡರು. 2025ರಲ್ಲಿ ಆಕ್ಷೇಪ ಬರೆದವರ ಮಾತಿಗೆ ಕಾಯ್ದೆಯಲ್ಲಿ ಸ್ಥಾನ ಸಿಕ್ಕಿತು. ನೂರ ಅರವತ್ತೈದು ವರ್ಷಗಳ ಈ ದಾರಿಯಲ್ಲಿ ನಾವು ಗಳಿಸಿದ್ದು ಇದು. ಓದುವವರಿಲ್ಲದೆ ಹೋದರೆ ಕಳೆದುಕೊಳ್ಳುವುದೂ ಇದನ್ನೇ.

ಮುಂದಿನ ಬಜೆಟ್ ಬಂದಾಗ ನೀವೊಂದು ಅಭ್ಯಾಸ ಮಾಡಬಹುದು. ಹಣಕಾಸು ಮಸೂದೆಯ ಜೊತೆಗೆ ಅದರ ಅಂಶಗಳನ್ನು ವಿವರಿಸುವ ಜ್ಞಾಪನ ಪತ್ರವನ್ನೂ ಸರ್ಕಾರ ಪ್ರಕಟಿಸುತ್ತದೆ. ಅದರಿಂದ ಯಾವುದಾದರೂ ಒಂದೇ ಒಂದು ತಿದ್ದುಪಡಿಯನ್ನು ಆರಿಸಿಕೊಳ್ಳಿ. ಒಂದು ಹಾಳೆಯ ಮೇಲೆ ನಾಲ್ಕು ಪ್ರಶ್ನೆಗಳನ್ನು ಬರೆದು ಉತ್ತರ ಹುಡುಕಿ: ಯಾರು, ಎಷ್ಟು, ಹೇಗೆ, ಯಾವಾಗಿನಿಂದ. ಮನೆಯಲ್ಲಿ ಸಂಬಳದಾರರೋ ವ್ಯಾಪಾರಸ್ಥರೋ ನಿವೃತ್ತರೋ ಇದ್ದರೆ ಅವರಿಗೆ ಅದು ಅನ್ವಯಿಸುತ್ತದೆಯೇ ಎಂದು ಕೂಡಿ ಕುಳಿತು ನೋಡಿ. ಮಸೂದೆ ಅಂಗೀಕಾರವಾದ ಮೇಲೆ ಅದೇ ಅಂಶವನ್ನು ಮತ್ತೊಮ್ಮೆ ತೆಗೆದು, ಪ್ರಸ್ತಾಪದಲ್ಲಿ ಇದ್ದದ್ದು ಕಾಯ್ದೆಯಲ್ಲಿ ಹಾಗೆಯೇ ಇದೆಯೇ ಎಂದು ಹೋಲಿಸಿ. ಬದಲಾಗಿದ್ದರೆ, ಯಾರ ಮಾತಿನಿಂದ ಬದಲಾಯಿತೆಂದು ಪತ್ರಿಕೆಗಳಲ್ಲಿ ಹುಡುಕಿ ಬರೆದಿಡಿ.